ದ್ವಿದಳ ಮೇವಿಗೆ ಬಿಡುವು ಯಾವಾಗ ಕೊಡಬೇಕು

ಸಂಪಾದಕರಿಗೆ,

ಮಾನ್ಯರೇ,

ಪ್ರತಿವರ್ಷ ಮಾರ್ಚ್ ತಿಂಗಳು ಬಂತೆಂದರೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಹೈನುಗಾರರು ಹಸಿ ಮೇವಿಲ್ಲದೆ ಪಡುವ ಪಾಡು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಅದರ ಬೆನ್ನಿಗೇ ಮೇವಿನ ಬೀಜದ ಕಿಟ್ ವಿತರಣೆ, ನೇಪಿಯರ್ ಹುಲ್ಲಿನ ಕಡ್ಡಿಗಳ ಪೂರೈಕೆ, ಗೋಮಾಳದಲ್ಲಿ ಮೇವು ಬೆಳೆಸುವ ಪ್ರಸ್ತಾವ ಇತ್ಯಾದಿಗಳೂ ವರದಿಯಾಗುತ್ತವೆ. ಇವೆಲ್ಲ ಬೇಕಾದವುಗಳೇ. ಆದರೆ ಹೀಗೆ ಕೊಟ್ಟ ಬೀಜಗಳಲ್ಲಿ ಸ್ಟೈಲೋದಂತಹ ದ್ವಿದಳ (ಬೇಳೆಕಾಳಿನ ಕುಲದ) ಮೇವಿನ ಬೀಜವನ್ನು ಬಿತ್ತಿದವರು ಮೊದಲ ವರ್ಷ ಹಸಿರು ಕಂಡು ಸಂತೋಷಪಟ್ಟು, ಎರಡನೆಯ ವರ್ಷ ಅಲ್ಲಲ್ಲಿ ನಾಲ್ಕು ಗಿಡ ಕಂಡು, ಮೂರನೆಯ ಮಳೆಗಾಲಕ್ಕೆ ಹುಡುಕಿದರೂ ಸಿಗದೆ, 'ನಮ್ಮ ಮಣ್ಣಿಗೆ ಇದು ಹಿಡಿಯುವುದಿಲ್ಲ' ಎಂದು ತೀರ್ಮಾನಿಸಿ ಕೈಬಿಟ್ಟದ್ದನ್ನು ನಾನು ನಮ್ಮ ಸುತ್ತಮುತ್ತ ಸಾಕಷ್ಟು ನೋಡಿದ್ದೇನೆ. ಈ ತೀರ್ಮಾನ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮಣ್ಣನ್ನು ದೂರುವ ಮೊದಲು ದನವನ್ನು ಯಾವ ತಿಂಗಳಲ್ಲಿ ಗುಡ್ಡೆಗೆ ಬಿಟ್ಟೆವು, ಎಷ್ಟು ಮೇಯಲು ಬಿಟ್ಟೆವು, ಯಾವಾಗ ತಡೆದೆವು ಎಂಬುದನ್ನು ವಿಚಾರಿಸಬೇಕು. ಬೀಜ ವಿತರಣೆಯ ಜೊತೆಗೆ ಈ ಮಾತನ್ನು ರೈತರಿಗೆ ಹೇಳುವ ವ್ಯವಸ್ಥೆ ಇಲ್ಲವೆಂಬುದೇ ಈ ಪತ್ರ ಬರೆಯಲು ಕಾರಣ.

ದ್ವಿದಳ ಮೇವು ಏಕೆ ಬೇಕು ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಹಟ್ಟಿಗಳಲ್ಲಿ (ಕೊಟ್ಟಿಗೆಗಳಲ್ಲಿ) ಬೇಸಿಗೆಯುದ್ದಕ್ಕೂ ಹಾಕುವ ಬೈಹುಲ್ಲಿನಲ್ಲಿ (ಭತ್ತದ ಒಣಹುಲ್ಲಿನಲ್ಲಿ) ಪ್ರೊಟೀನ್ ಇರುವುದು ಶೇ. 3ರಿಂದ 4ರಷ್ಟು ಮಾತ್ರ. ಮೇವಿನ ಒಣ ತೂಕದಲ್ಲಿ ಪ್ರೊಟೀನ್ ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ದನದ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದೆ ಜೀರ್ಣಕ್ರಿಯೆ ನಿಧಾನವಾಗುತ್ತದೆ; ಆಗ ಎದುರಿಗೆ ಎಷ್ಟು ಹುಲ್ಲು ರಾಶಿ ಹಾಕಿದರೂ ದನ ತಿನ್ನುವುದೇ ಕಡಿಮೆಯಾಗುತ್ತದೆ. ಸ್ಟೈಲೋದ ಎಲೆ ಮತ್ತು ಎಳೆ ಕಾಂಡದಲ್ಲಿ ಶೇ. 12ರಿಂದ 16ರವರೆಗೆ, ಗ್ಲಿರಿಸೀಡಿಯಾ ಮತ್ತು ಸುಬಾಬುಲ್ ಮರಗಳ ಸೊಪ್ಪಿನಲ್ಲಿ ಶೇ. 20ಕ್ಕೂ ಮೀರಿ ಪ್ರೊಟೀನ್ ಇರುತ್ತದೆ. ಬೈಹುಲ್ಲಿನ ಜೊತೆ ಇವನ್ನು ಸ್ವಲ್ಪ ಸೇರಿಸಿದರೂ ಬೈಹುಲ್ಲೇ ಹೆಚ್ಚು ಮೈಗೆ ಹತ್ತುತ್ತದೆ, ಅಂಗಡಿಯಿಂದ ತರುವ ಹಿಂಡಿಯ ಖರ್ಚು ಅಷ್ಟರಮಟ್ಟಿಗೆ ಇಳಿಯುತ್ತದೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆಂಬ ಭಯ ಕೆಲವರಿಗಿದೆ. ಉಷ್ಣ ವಲಯದ ದ್ವಿದಳ ಮೇವುಗಳಲ್ಲಿ ಆ ತೊಂದರೆ ಬಹಳ ಅಪರೂಪ.

ನಮ್ಮ ಕರಾವಳಿಗೆ ಒಗ್ಗುವ ಇಂತಹ ಗಿಡಬಳ್ಳಿಗಳು ಹೊಸವೇನಲ್ಲ. ದೇವರ ಪೂಜೆಗೆ ಹೂ ಕೊಯ್ಯುವ ಶಂಖಪುಷ್ಪದ ಬಳ್ಳಿಯೇ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಮೇವಿನ ಬೆಳೆಯಾಗಿದೆ. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ನೆಲಮುಚ್ಚುಗೆಯಾಗಿ ಹಬ್ಬಿಸುವ ಪ್ಯುರೇರಿಯಾ, ಕ್ಯಾಲಪೊಗೋನಿಯಂ, ಸೆಂಟ್ರೊಸೀಮಗಳೂ ಮೂಲತಃ ಇದೇ ಗುಂಪಿನವು. ನಗರಗಳಲ್ಲಿ ಮನೆಯಂಗಳದ ಹಸಿರು ಹಾಸಿಗೆಂದು ನೆಡುವ, ಹಳದಿ ಹೂ ಬಿಡುವ ನೆಲಗಡಲೆ ಜಾತಿಯ ಗಿಡವನ್ನು ದಕ್ಷಿಣ ಅಮೆರಿಕದಲ್ಲಿ ದನ ಮೇಯಿಸಲೆಂದೇ ಬೆಳೆಸುತ್ತಾರೆ. ಇವೆಲ್ಲವುಗಳಲ್ಲಿ ಹುಳಿಮಣ್ಣಿಗೂ ರಂಜಕ ಕಡಿಮೆಯಿರುವ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವು ಪ್ರದೇಶಕ್ಕೂ ಹೆಚ್ಚು ಹೊಂದಿಕೊಳ್ಳುವುದು ಸ್ಟೈಲೋ. ಆದರೆ ಅದರಲ್ಲೂ ಜಾತಿಗಳಿವೆ. ಬಯಲುಸೀಮೆಯ ಒಣಭೂಮಿಗೆ ಹೇಳಿಮಾಡಿಸಿದಂತಹ ಹಮಾಟ ಜಾತಿ ಗಿಡ್ಡವಾಗಿ ನೆಲದ ಬಳಿಯೇ ಕವಲೊಡೆದು ಹರಡುತ್ತದೆ. ಹೆಚ್ಚು ಮಳೆಯ ಪ್ರದೇಶಕ್ಕೆ ಹೊಂದುವ ಗಯಾನೆನ್ಸಿಸ್ ಜಾತಿ ಎತ್ತರವಾಗಿ ಬೆಳೆದು ಬುಡದಲ್ಲಿ ಕಟ್ಟಿಗೆಯಾಗುತ್ತದೆ. ಬೀಜದ ಚೀಲದ ಮೇಲೆ ಬರೇ 'ಸ್ಟೈಲೋ' ಎಂದಿದ್ದರೆ ಯಾವುದೆಂದು ಕೇಳಿ ತಿಳಿದುಕೊಳ್ಳಬೇಕು. ಏಕೆಂದರೆ ಒಂದನ್ನು ಮೇಯಿಸುವ ಕ್ರಮ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಹುಲ್ಲು ಮತ್ತು ದ್ವಿದಳ ಗಿಡ ಮತ್ತೆ ಚಿಗುರುವ ಬಗೆಯಲ್ಲೇ ಒಂದು ಮೂಲಭೂತ ವ್ಯತ್ಯಾಸವಿದೆ. ಹುಲ್ಲಿನ ಬೆಳೆಯುವ ತುದಿ ಬಹಳ ಕಾಲ ಬುಡದಲ್ಲಿ, ದನದ ಬಾಯಿಗೆ ಸಿಗದಷ್ಟು ಕೆಳಗೆ ಅಡಗಿರುತ್ತದೆ. ಆದ್ದರಿಂದ ದನ ಮೇಲಿನ ಗರಿಯನ್ನು ಕತ್ತರಿಸಿಕೊಂಡು ಹೋದರೂ ಒಳಗಿನಿಂದ ಹೊಸ ಗರಿ ಏಳುತ್ತದೆ. ಬಳ್ಳಿಯಾಗಿ ಹಬ್ಬುವ ಮತ್ತು ನೆಟ್ಟಗೆ ಬೆಳೆಯುವ ದ್ವಿದಳ ಗಿಡಗಳ ಬೆಳೆಯುವ ತುದಿ ಇರುವುದೇ ಮೇಲ್ಗಡೆ, ಎಲ್ಲಕ್ಕಿಂತ ಎಳೆಯ ಭಾಗದಲ್ಲಿ. ದನ ಮೊದಲು ಬಾಯಿ ಹಾಕುವುದೂ ಅದಕ್ಕೇ. ತುದಿ ಹೋದ ಮೇಲೆ ಆ ಗಿಡ ಕಾಂಡದ ಮೇಲಿನ ಎಲೆಗಳ ಕಂಕುಳಲ್ಲಿ ಮಲಗಿರುವ ಮೊಗ್ಗುಗಳಿಂದ ಚಿಗುರಬೇಕು. ಕಾಂಡವೇ ಉಳಿಯದಿದ್ದರೆ ಮೊಗ್ಗೂ ಇಲ್ಲ.

ಇದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಎರಡು ವರ್ಷ ವಯಸ್ಸಿನ ಎತ್ತರದ ಸ್ಟೈಲೋ ಗಿಡವೊಂದರ ಪಕ್ಕ ಕುಳಿತು ಬುಡವನ್ನು ಕೈಯಲ್ಲಿ ಹಿಡಿದರೆ, ನೆಲದಿಂದ ನಾಲ್ಕು ಬೆರಳಿನವರೆಗೆ ಅದು ಕಂದುಬಣ್ಣದ ಒರಟು ಕಟ್ಟಿಗೆ. ಅಲ್ಲಿ ಉಗುರಿನಿಂದ ಕೆರೆದು ಹುಡುಕಿದರೂ ಜೀವಂತ ಮೊಗ್ಗು ಒಂದೋ ಎರಡೋ ಸಿಕ್ಕರೆ ಹೆಚ್ಚು. ಅಲ್ಲಿಂದ ಮೇಲೆ ಹೋದಂತೆ ಕಾಂಡ ಹಸಿರಾಗುತ್ತದೆ, ಪ್ರತಿ ಗಿಣ್ಣಿನಲ್ಲೂ ಸಾಸಿವೆ ಕಾಳಿನಷ್ಟು ಸಣ್ಣ ಮೊಗ್ಗು ಕಾಣುತ್ತದೆ. ಕತ್ತಿಯಿಂದ ನೆಲಸಮ ಕೊಯ್ದ ಗಿಡ ಸತ್ತು, ಒಂದು ಗೇಣು ಬಿಟ್ಟು ಕೊಯ್ದ ಗಿಡ ಹದಿನೈದು ದಿನಗಳಲ್ಲಿ ಕವಲೊಡೆಯುವುದರ ಗುಟ್ಟು ಇಷ್ಟೇ. ಹಮಾಟದಲ್ಲಿ ಹಾಗಲ್ಲ. ಅದರ ಕವಲುಗಳು ನೆಲಕ್ಕೊರಗಿ ಹೋಗುವುದರಿಂದ ದನ ಎಷ್ಟೇ ಗೀಚಿ ಮೇಯ್ದರೂ ಕೆಲವು ಗಿಣ್ಣುಗಳು ಬಾಯಿಗೆ ಸಿಗದೆ ಉಳಿಯುತ್ತವೆ. ಹಳದಿ ಹೂವಿನ ಆ ನೆಲಗಡಲೆಯಂತೂ ನೆಲದ ಮೇಲೆಯೇ ಬೇರುಬಿಡುತ್ತ ಹರಿಯುವುದರಿಂದ ಎಲ್ಲಕ್ಕಿಂತ ಗಟ್ಟಿ.

ಮೊಗ್ಗು ಇದ್ದರೆ ಸಾಲದು, ಅದು ಒಡೆಯಲು ಶಕ್ತಿಯೂ ಬೇಕು. ಆ ಶಕ್ತಿ ಎರಡು ಕಡೆಯಿಂದ ಬರುತ್ತದೆ: ಮೇಯ್ದ ಮೇಲೂ ಗಿಡದಲ್ಲಿ ಉಳಿದ ಎಲೆಗಳಿಂದ ಮತ್ತು ಬೇರು ಹಾಗೂ ಬುಡದ ಕಾಂಡದಲ್ಲಿ ಕೂಡಿಟ್ಟ ಪಿಷ್ಟದಿಂದ. ಒಮ್ಮೆ ಬೋಳಾದ ಗಿಡ ಕೂಡಿಟ್ಟದ್ದನ್ನು ಖರ್ಚು ಮಾಡಿ ಮೊದಲ ಚಿಗುರು ತೆಗೆಯುತ್ತದೆ. ಆ ಚಿಗುರು ಬಲಿತು, ತನ್ನ ಖರ್ಚು ಕಳೆದು ಬೇರಿಗೆ ಮತ್ತೆ ಕಳಿಸುವಂತಾಗಲು ಕೆಲವು ವಾರ ಹಿಡಿಯುತ್ತದೆ. ಅಷ್ಟರೊಳಗೆ ಎಳೆ ಚಿಗುರನ್ನು ದನ ಮತ್ತೆ ಮೇಯ್ದರೆ ಗಿಡ ಉಳಿಕೆಯನ್ನು ಮತ್ತಷ್ಟು ಕರಗಿಸಬೇಕು. ಹೀಗೆ ಮೂರು ನಾಲ್ಕು ಸಲ ಆದ ಮೇಲೆ, ಮೇಲ್ನೋಟಕ್ಕೆ ಯಾವ ರೋಗವೂ ಇಲ್ಲದ ಗಿಡ ಸುಮ್ಮನೆ ಒಣಗುತ್ತದೆ, ನಾವು ಗೆದ್ದಲನ್ನು ಬೈಯುತ್ತೇವೆ.

ನೆಲದ ಕೆಳಗೆ ಆಗುವ ನಷ್ಟ ಕಣ್ಣಿಗೆ ಕಾಣದ ಕಾರಣ ಅದರ ಲೆಕ್ಕ ಯಾರೂ ಇಡುವುದಿಲ್ಲ. ಜುಲೈ ತಿಂಗಳಲ್ಲಿ ಚೆನ್ನಾಗಿ ಬೆಳೆದ ಗಿಡವನ್ನು ಮಣ್ಣುಸಹಿತ ಅಗೆದು, ಬೇರನ್ನು ನೀರಿನಲ್ಲಿ ಮೆಲ್ಲನೆ ತೊಳೆದು ನೋಡಿದರೆ ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ಗುಲಾಬಿ ಬಣ್ಣವಿರುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಕೆಲಸ ಅಲ್ಲಿ ನಡೆಯುತ್ತಿದೆ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಅದೇ ಗುಡ್ಡೆಯಲ್ಲಿ ದನ ಪೂರ್ತಿ ಬೋಳಿಸಿದ ಗಿಡವನ್ನು ವಾರ ಕಳೆದು ಅಗೆದರೆ ಗಂಟುಗಳು ಕಂದು ಅಥವಾ ಹಸಿರು ಬಣ್ಣಕ್ಕೆ ತಿರುಗಿರುತ್ತವೆ, ಕೆಲವು ಟೊಳ್ಳಾಗಿ ಉದುರಿರುತ್ತವೆ. ಗಂಟಿನೊಳಗಿನ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಕಳಿಸುವುದು ಎಲೆಯೇ ಆದ್ದರಿಂದ ಎಲೆ ಹೋದ ದಿನದಿಂದಲೇ ಅಲ್ಲಿಯ ಕೆಲಸ ಕುಂದುತ್ತದೆ. ಹೊಸ ಎಲೆ ಬಂದು ಹೊಸ ಗಂಟು ಕಟ್ಟುವವರೆಗೆ ಆ ಗಿಡ ಮಣ್ಣಿಗೆ ಸಾರಜನಕ ಕೂಡಿಸುವುದಿಲ್ಲ. ಮಣ್ಣು ಫಲವತ್ತಾಗಲೆಂದು ದ್ವಿದಳ ಬಿತ್ತಿ, ಅದನ್ನು ತಿಂಗಳಿಗೆರಡು ಸಲ ಬೋಳಿಸಿದರೆ ಬಿತ್ತಿದ ಉದ್ದೇಶವೇ ಅರ್ಧ ನಷ್ಟ.

ಇಷ್ಟನ್ನು ಓದಿದವರು, ಹಾಗಾದರೆ ದನವನ್ನು ಬಿಡದೇ ಇದ್ದರಾಯಿತಲ್ಲ ಎಂದು ಕೇಳಬಹುದು. ಅದೂ ತಪ್ಪು ದಾರಿ. ನಮ್ಮ ಬಿಸಿಲು ಮತ್ತು ಸೆಕೆಯಲ್ಲಿ ಹುಲ್ಲು ಬೆಳೆಯುವ ವೇಗಕ್ಕೆ ದ್ವಿದಳ ಗಿಡ ಸರಿಸಾಟಿಯಲ್ಲ. ಬಿಸಿಲನ್ನು ಬಳಸಿಕೊಳ್ಳುವ ಕ್ರಮದಲ್ಲೇ ಉಷ್ಣ ವಲಯದ ಹುಲ್ಲುಗಳಿಗೆ ಒಂದು ಹೆಚ್ಚುಗಾರಿಕೆಯಿದೆ. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಬೇಲಿ ಹಾಕಿ ಸುಮ್ಮನೆ ಬಿಟ್ಟ ಗುಡ್ಡೆಯಲ್ಲಿ ಮುಳಿಹುಲ್ಲು ಎದೆಯೆತ್ತರ ಬಂದು, ಅಡಿಯಲ್ಲಿ ಸ್ಟೈಲೋ ಬೆಳಕಿಲ್ಲದೆ ಬಿಳಚಿಕೊಂಡು ಸಾಯುತ್ತದೆ. ಅದೃಷ್ಟಕ್ಕೆ ದನದ ರುಚಿಯೇ ಇಲ್ಲಿ ನಮಗೆ ಸಹಾಯಕ್ಕೆ ಬರುತ್ತದೆ. ಸ್ಟೈಲೋ ಮತ್ತು ಹುಲ್ಲು ಸೇರಿರುವ ಜಾಗದಲ್ಲಿ ಮಳೆಗಾಲದ ಮೊದಲ ಭಾಗದಲ್ಲಿ ದನ ಎಳೆ ಹುಲ್ಲನ್ನೇ ಹುಡುಕಿ ತಿನ್ನುತ್ತದೆ. ಮಳೆ ಹಿಂದೆಗೆದು ಹುಲ್ಲು ಬಲಿತು ಒರಟಾದ ಮೇಲೆ ಸ್ಟೈಲೋದತ್ತ ತಿರುಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಹದವಾಗಿ ಮೇಯಿಸುವುದರಿಂದ ದ್ವಿದಳಕ್ಕೆ ಲಾಭವೇ. ಅಪಾಯ ಇರುವುದು ಅಕ್ಟೋಬರ್ ನಂತರ.

ಆ ಅಕ್ಟೋಬರಿನಲ್ಲಿ ನಾವು ಮಾಡುವುದೇನು? ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದ ಮೇಲೆ, ಎರಡನೆಯ ಬೆಳೆ ಮಾಡದ ಕಡೆಗಳಲ್ಲಿ, ಗದ್ದೆಗೂ ಗುಡ್ಡೆಗೂ ದನಗಳನ್ನು ಹಗ್ಗ ಬಿಚ್ಚಿ ಬಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಎತ್ತರದ ಸ್ಟೈಲೋ ಜಾತಿಗಳು ಹಗಲು ಕಿರಿದಾಗುತ್ತ ಬಂದಾಗ ಹೂ ಬಿಡುವಂಥವು. ಅಂದರೆ ದನ ಬಿಚ್ಚಿ ಬಿಡುವ ಕಾಲಕ್ಕೂ ಅವು ಹೂಬಿಟ್ಟು ಕಾಯಿ ಕಟ್ಟುವ ಕಾಲಕ್ಕೂ ಸರಿಯಾಗಿ ತಾಳೆಯಾಗುತ್ತದೆ. ಹುಲ್ಲು ಬಲಿತ ಕಾರಣ ದನದ ಕಣ್ಣೂ ಆಗ ಸ್ಟೈಲೋದ ಮೇಲೆಯೇ. ಹೂ, ಎಳೆ ಕಾಯಿ, ತುದಿ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಒಂದೊಂದು ಗಿಡದ ಆಯುಸ್ಸು ಹೆಚ್ಚಿಲ್ಲದ ಈ ಮೇವುಗಳಲ್ಲಿ ಹಳೆಯ ಗಿಡದ ಜಾಗಕ್ಕೆ ಬೀಜದಿಂದ ಹೊಸದು ಬರಲೇಬೇಕು. ಬೀಜ ನೆಲಕ್ಕೆ ಬೀಳದ ವರ್ಷ ಮುಂದಿನ ವರ್ಷದ ಲೆಕ್ಕಕ್ಕೆ ಕಳೆದುಹೋದಂತೆ. ನಮ್ಮ ಭಾಗದಲ್ಲಿ ಬಿತ್ತಿದ ಸ್ಟೈಲೋ ಎರಡು ಮೂರು ವರ್ಷದಲ್ಲಿ ಇಲ್ಲವಾಗುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಹಮಾಟ ಜಾತಿ ಮಳೆಗಾಲದಲ್ಲೇ ಹೂ ಬಿಡಲು ತೊಡಗಿ ಮೇಯುವ ನಡುವೆಯೂ ಒಂದಿಷ್ಟು ಬೀಜ ಉದುರಿಸುವುದರಿಂದ ಅದು ಸ್ವಲ್ಪ ಹೆಚ್ಚು ಬಾಳುತ್ತದೆ.

ಆಸ್ಟ್ರೇಲಿಯದವರು ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿತಿದ್ದಾರೆ. ಅಲ್ಲಿಯ ಸರಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ಒದವರು ಮೆಕ್ಸಿಕೋ ಮೂಲದ ಎರಡು ಬಗೆಗಳನ್ನು ಸಂಕರ ಮಾಡಿ 1960ರಲ್ಲಿ ಸಿರಾಟ್ರೊ ಎಂಬ ಬಳ್ಳಿ ಮೇವಿನ ತಳಿಯನ್ನು ಬಿಡುಗಡೆ ಮಾಡಿದರು. ಮಿತವಾಗಿ ಮೇಯಿಸಿದಲ್ಲಿ ಅದು ಹುಲ್ಲಿನೊಂದಿಗೆ ವರ್ಷಗಟ್ಟಲೆ ಉಳಿಯಿತು. ಜಾಗಕ್ಕೆ ಮೀರಿ ದನ ಬಿಟ್ಟಲ್ಲಿ ಬಳ್ಳಿ ತೆಳುವಾಗುತ್ತ ಹೋಗಿ ಬರೇ ಹುಲ್ಲು ಉಳಿಯಿತು. ಕೊಯ್ಯುವ ಅಂತರವನ್ನು ಹೆಚ್ಚಿಸಿದಷ್ಟೂ, ಕೊಯ್ಯುವಾಗ ಬಿಡುವ ಎತ್ತರವನ್ನು ಹೆಚ್ಚಿಸಿದಷ್ಟೂ ಅದರ ಮರುಚಿಗುರು ಸುಧಾರಿಸಿದ್ದನ್ನು ಅಲ್ಲಿಯ ಪ್ರಯೋಗಗಳು ತೋರಿಸಿವೆ. ಅದೇ ದೇಶದಲ್ಲಿ 1970ರ ದಶಕದಲ್ಲಿ ಟೌನ್ಸ್‌ವಿಲ್ ಸ್ಟೈಲೋ ಎಂಬ ಜಾತಿ ಚಿಬ್ಬು ರೋಗಕ್ಕೆ ತುತ್ತಾಗಿ ಸಾವಿರಾರು ಎಕರೆಗಳಲ್ಲಿ ನಾಶವಾಯಿತು. ಅದು ಮೇಯಿಸಿದ್ದರಿಂದ ಆದದ್ದಲ್ಲ. ಆದರೂ ಒಂದೇ ಜಾತಿಯ ಬೀಜವನ್ನು ಇಡೀ ಜಿಲ್ಲೆಗೆ ಹಂಚುವವರು ಅದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನಮ್ಮ ಊರಿಗೆ ಒಪ್ಪುವ ಕ್ರಮ ಯಾವುದು? ನೂರಾರು ಎಕರೆಯನ್ನು ತಂತಿಬೇಲಿಯಿಂದ ಭಾಗ ಮಾಡಿ ಸರದಿಯಂತೆ ಮೇಯಿಸುವುದು ಎರಡು ಮೂರು ದನ ಇರುವ ನಮ್ಮಂಥವರಿಗೆ ಹೇಳಿದ ಮಾತಲ್ಲ. ಆದರೆ ಗೂಟ ಹೊಡೆದು ಹಗ್ಗದಲ್ಲಿ ದನ ಕಟ್ಟುವುದು ನಮ್ಮಲ್ಲಿ ಮನೆಮನೆಯ ಅಭ್ಯಾಸ. ಸರದಿ ಮೇಯಿಸಲು ಇದಕ್ಕಿಂತ ಅಗ್ಗದ ಸಾಧನವಿಲ್ಲ. ಗೂಟವನ್ನು ಎಲ್ಲಿಂದ ಎಲ್ಲಿಗೆ, ಯಾವ ದಿನ ಸರಿಸಬೇಕು ಎಂಬ ಲೆಕ್ಕವೊಂದೇ ನಾವು ಇಟ್ಟುಕೊಳ್ಳದಿರುವುದು. ಐದು ಮೀಟರ್ ಹಗ್ಗದಲ್ಲಿ ಕಟ್ಟಿದ ದನಕ್ಕೆ ಸಿಗುವ ವೃತ್ತದ ವಿಸ್ತೀರ್ಣ ಸುಮಾರು 78 ಚದರ ಮೀಟರ್, ಅಂದರೆ ಎರಡು ಸೆಂಟ್ಸ್‌ಗೆ ತುಸು ಕಡಿಮೆ. ಮಳೆಗಾಲದಲ್ಲಿ ಅಲ್ಲಿ ಚದರ ಮೀಟರಿಗೆ ಎರಡು ಕಿಲೋ ಹಸಿ ಮೇವು ನಿಂತಿದೆ, ಅದರಲ್ಲಿ ಅರ್ಧವನ್ನು ಮಾತ್ರ ಮೇಯಲು ಬಿಡಬೇಕು ಎಂದು ಇಟ್ಟುಕೊಂಡರೆ 78 ಕಿಲೋ ಸಿಗುತ್ತದೆ. ದಿನಕ್ಕೆ 35ರಿಂದ 40 ಕಿಲೋ ತಿನ್ನುವ ಮಿಶ್ರತಳಿ ಹಸುವಿಗೆ ಅದು ಎರಡು ದಿನದ ಮೇವು. ಎರಡು ದಿನಕ್ಕೊಮ್ಮೆ ಗೂಟ ಸರಿಸುತ್ತ, ಮೇಯ್ದ ಜಾಗಕ್ಕೆ ಆರು ವಾರ ಬಿಟ್ಟು ಮರಳಿ ಬರಬೇಕಾದರೆ 21 ವೃತ್ತ ಬೇಕು. ವೃತ್ತಗಳ ನಡುವೆ ಮೂಲೆಗಳಲ್ಲಿ ಉಳಿಯುವ ಜಾಗವನ್ನೂ ಸೇರಿಸಿದರೆ ಒಟ್ಟು ಸುಮಾರು ಅರ್ಧ ಎಕರೆ. ಹಾಗೆ ಉಳಿಯುವ ಮೂಲೆಗಳು ವ್ಯರ್ಥವಲ್ಲ. ದನದ ಬಾಯಿಗೆ ಸಿಗದ ಅಲ್ಲಿಯ ಗಿಡಗಳಿಂದಲೇ ಬೀಜ ಉದುರುತ್ತದೆ. ಮಲೆನಾಡು ಗಿಡ್ಡ ತಳಿಯ ಸಣ್ಣ ದನಕ್ಕೆ ಇದರ ಅರ್ಧ ಜಾಗವೂ ಬೇಡ.

ಅರ್ಧವನ್ನು ಮಾತ್ರ ಮೇಯಿಸುವುದೆಂದರೆ ಹೇಗೆ ಎಂಬುದಕ್ಕೆ ಅಳತೆಪಟ್ಟಿ ಬೇಡ. ಎತ್ತರದ ಸ್ಟೈಲೋ ಆಗಲಿ ಬಳ್ಳಿ ಮೇವಾಗಲಿ ಒಂದು ಗೇಣಿಗೆ ಇಳಿದ ಕೂಡಲೇ ಗೂಟ ಕೀಳಬೇಕು, ದನ ಇನ್ನೂ ತಿನ್ನುವಂತಿದ್ದರೂ ಕೀಳಬೇಕು. ಅಲ್ಲಿ ಇನ್ನೂ ಹಸಿರು ಉಳಿದಿದೆಯಲ್ಲ ಎಂಬ ಆಸೆಗೆ ಮತ್ತೊಂದು ದಿನ ಕಟ್ಟುವುದೇ ಮುಂದಿನ ಮೂರು ವಾರದ ಚಿಗುರನ್ನು ತಿನ್ನಿಸಿದ ಹಾಗೆ. ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಇಳಿಜಾರಿನ ಮೇಲೆ ದನ ಕಟ್ಟಲೇಬಾರದು. ಕರಾವಳಿಯಲ್ಲಿ ವರ್ಷಕ್ಕೆ ಬೀಳುವ 3,500 ಮಿ.ಮೀ.ಗೂ ಮೀರಿದ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವುದರಿಂದ, ಗೊರಸು ತುಳಿದು ಸಡಿಲವಾದ ತೆಳುಮಣ್ಣು ಕೊಚ್ಚಿಹೋಗಿ ಕೆಳಗಿನ ಮುರಕಲ್ಲು ಬಾಯಿಬಿಡುತ್ತದೆ. ಆ ದಿನಗಳಲ್ಲಿ ಕೊಯ್ದು ತಂದು ಹಟ್ಟಿಯಲ್ಲೇ ಹಾಕುವುದು ಮೇಲು.

ಕಾಲದ ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಬಹುದು. ಪತ್ತನಾಜೆ (ಮೇ ಕೊನೆಯ ಭಾಗ) ಕಳೆದು ಮಳೆ ಹಿಡಿದ ಮೇಲೆ, ಉದುರಿದ ಬೀಜ ಮೊಳೆತು ಹಳೆಯ ಗಿಡ ಕಣ್ಣುಬಿಡುವ ನಾಲ್ಕರಿಂದ ಆರು ವಾರ ಆ ಜಾಗಕ್ಕೆ ದನ ಹೋಗಬಾರದು. ಎರಡು ಎಲೆಯ ಸಸಿಗೆ ಬಾಯಿಗಿಂತಲೂ ಗೊರಸಿನ ಭಯ ಹೆಚ್ಚು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಟ್ಟ ದಿನಗಳಲ್ಲಿ ಆರು ವಾರದ ಸರದಿಯಲ್ಲಿ ಮೇಯಿಸಿ ಹುಲ್ಲನ್ನು ತಗ್ಗಿಸಬೇಕು. ಅಕ್ಟೋಬರಿನಿಂದ ಕಾಯಿ ಒಣಗಿ ಉದುರುವವರೆಗೆ ಪೂರ್ತಿ ಬಿಡುವು. ಎಲ್ಲ ಜಾಗಕ್ಕೂ ಪ್ರತಿವರ್ಷ ಹೀಗೆ ಬಿಡುವು ಕೊಡಲು ಆಗದಿದ್ದರೆ ಮೂರು ಭಾಗ ಮಾಡಿ ವರ್ಷಕ್ಕೊಂದು ಭಾಗಕ್ಕಾದರೂ ಕೊಡಬೇಕು. ಬೀಜ ಬಿದ್ದ ಮೇಲೆ, ಜನವರಿಯ ಹೊತ್ತಿಗೆ, ನಿಂತಿರುವ ಕಾಂಡ ಮತ್ತು ಎಲೆಯನ್ನು ಮೇಯಿಸಲು ಅಡ್ಡಿಯಿಲ್ಲ. ದನ ತಿಂದ ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಒಂದಿಷ್ಟು ಸಗಣಿಯ ಮೂಲಕ ಹೊಸ ಜಾಗಕ್ಕೂ ಹೋಗುತ್ತದೆ. ಮಾರ್ಚ್ ನಂತರ ಬುಡವನ್ನು ಗೀಚಲು ಬಿಡಬಾರದು, ಮೇವಿನ ಅಭಾವ ಎಷ್ಟೇ ಇರಲಿ. ಆಗ ಅಲ್ಲಿ ದನದ ಹೊಟ್ಟೆ ತುಂಬುವಷ್ಟು ಏನೂ ಇರುವುದಿಲ್ಲ, ಗಿಡ ಮಾತ್ರ ಹೋಗುತ್ತದೆ.

ಬೇಸಿಗೆಯ ಆ ಮೂರು ತಿಂಗಳಿಗೆ ಬೇಲಿಯ ಮೇಲಿನ ಮರಗಿಡಗಳನ್ನು ನಂಬಬೇಕು. ಬೇಲಿ ಮೆಂತೆ ಎಂಬ ದ್ವಿದಳ ಪೊದೆಯನ್ನು ಬಿತ್ತಿದ 90 ದಿನಕ್ಕೆ ಮೊದಲ ಸಲ, ಆಮೇಲೆ 40 ದಿನಕ್ಕೊಮ್ಮೆ, ಪ್ರತಿ ಸಲವೂ ನೆಲದಿಂದ 50 ಸೆಂ.ಮೀ. ಬಿಟ್ಟು ಕೊಯ್ಯಬೇಕೆಂಬ ಶಿಫಾರಸಿದೆ. ಅದರ ಹಿಂದಿರುವುದು ಮೇಲೆ ಹೇಳಿದ ಮೊಗ್ಗು ಮತ್ತು ಉಳಿಕೆಯ ಲೆಕ್ಕವೇ. ಸುಬಾಬುಲನ್ನು ಸೊಂಟದೆತ್ತರಕ್ಕೆ ಬಿಟ್ಟು ಸವರಬೇಕು, ಮೊದಲ ವರ್ಷ ಬೇರು ಇಳಿಯುವ ಮುನ್ನ ಮುಟ್ಟಬಾರದು. ಅದರಲ್ಲಿ ಮಿಮೋಸಿನ್ ಎಂಬ ವಿಷಾಂಶ ಇರುವುದರಿಂದ ಮೇವಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಹಾಕದಿರುವುದು ಕ್ಷೇಮ. ಗ್ಲಿರಿಸೀಡಿಯಾವನ್ನು ಇಲ್ಲಿಯ ತೋಟಗಾರರು ಗೊಬ್ಬರದ ಗಿಡವೆಂದೇ ಬಲ್ಲರು. ಅದರ ವಾಸನೆಗೆ ದನ ಮೊದಮೊದಲು ಮುಖ ತಿರುಗಿಸುತ್ತದೆ, ಅರ್ಧ ದಿನ ಬಾಡಿಸಿ ಹಾಕಿದರೆ ಅಭ್ಯಾಸವಾಗುತ್ತದೆ.

ಕೊಯ್ದು ತಂದು ಹಾಕುವವರು ಮರೆಯುವ ಒಂದು ಸಂಗತಿಯಿದೆ. ಗುಡ್ಡೆಯಲ್ಲೇ ಮೇಯುವ ದನ ತಿಂದದ್ದರಲ್ಲಿ ಬಹುಪಾಲು ಸಾರವನ್ನು ಸಗಣಿ ಮತ್ತು ಗಂಜಲದ ಮೂಲಕ ಅಲ್ಲೇ ಬಿಡುತ್ತದೆ. ದ್ವಿದಳದ ಸಾರಜನಕ ಪಕ್ಕದ ಹುಲ್ಲಿಗೆ ಸಿಗುವ ಮುಖ್ಯ ದಾರಿಗಳಲ್ಲಿ ಅದೂ ಒಂದು. ಕೊಯ್ದು ತಂದಾಗ ಗುಡ್ಡೆಯ ರಂಜಕ, ಪೊಟ್ಯಾಷ್ ಎಲ್ಲವೂ ಹಟ್ಟಿಗೆ ಬರುತ್ತವೆ, ಹಟ್ಟಿಗೊಬ್ಬರವಾಗಿ ಅಡಕೆ ತೋಟಕ್ಕೆ ಹೋಗುತ್ತವೆ. ಗುಡ್ಡೆಗೆ ಮರಳಿ ಏನೂ ಇಲ್ಲ. ಅಡಕೆಗೆ ಬೆಲೆ ಇರುವಾಗ ಗೊಬ್ಬರವನ್ನು ಗುಡ್ಡೆಗೆ ಹಾಕು ಎಂದರೆ ಯಾರೂ ಕೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಮಳೆಗಾಲದ ಆರಂಭದಲ್ಲಿ ಶಿಲಾರಂಜಕವನ್ನಾದರೂ ಚೆಲ್ಲಬಹುದು. ಹುಳಿಮಣ್ಣಿನಲ್ಲಿ ಅದು ನಿಧಾನವಾಗಿ ಕರಗಿ ಗಿಡಕ್ಕೆ ಸಿಗುತ್ತದೆ, ಬೇರುಗಂಟು ಕಟ್ಟಲು ರಂಜಕ ಬೇಕೇ ಬೇಕು. ರಂಜಕದ ಕೊರತೆಯಿರುವ ಗಿಡಕ್ಕೆ ಎಷ್ಟು ವಾರ ಬಿಡುವು ಕೊಟ್ಟರೂ ಚಿಗುರು ಸೊರಗಿಯೇ ಬರುತ್ತದೆ.

ಹದ ಮೀರಿ ಮೇಯಿಸಿದ ಗುಡ್ಡೆಯನ್ನು ಗುರುತಿಸಲು ತಜ್ಞರು ಬೇಕಾಗಿಲ್ಲ. ಅಲ್ಲಿ ಉಳಿಯುವುದು ದನ ತಿನ್ನದ ಕಮ್ಯುನಿಸ್ಟ್ ಗಿಡವೆಂಬ ಕಳೆ ಮತ್ತು ನೆಲಕ್ಕಂಟಿಕೊಂಡ ನಾಚಿಕೆ ಮುಳ್ಳು. ನಾಚಿಕೆ ಮುಳ್ಳೂ ದ್ವಿದಳ ಜಾತಿಯದೇ, ಅದರ ಬೇರಿನಲ್ಲೂ ಗಂಟುಗಳಿವೆ, ಅದೂ ಇದೇ ಮುರಕಲ್ಲಿನ ಮೇಲೆ ಇದೇ ಮಳೆಯಲ್ಲಿ ಬೆಳೆಯುತ್ತದೆ. ಮುಳ್ಳಿನ ದೆಸೆಯಿಂದ ದನದ ಬಾಯಿಯಿಂದ ತಪ್ಪಿಸಿಕೊಂಡ ಕಾರಣ ಬಾಳುತ್ತದೆ. ದ್ವಿದಳಕ್ಕೆ ನಮ್ಮ ಮಣ್ಣು ಆಗದೆನ್ನುವವರು ಅದನ್ನು ನೋಡಿ ಉತ್ತರ ಹೇಳಬೇಕು. ಪದವುಗಳ ಮೇಲೆ ಸಾಲುಸಾಲಾಗಿ ನೆಟ್ಟ ಅಕೇಶಿಯಾ ಕೂಡ ಹುಟ್ಟಿನಿಂದ ಇದೇ ಕುಲದ್ದು, ಆದರೆ ಅದನ್ನು ದನ ಮೂಸಿಯೂ ನೋಡುವುದಿಲ್ಲ.

ಖಾಸಗಿ ಜಾಗದಲ್ಲಿ ಈ ಕ್ರಮ ಪಾಲಿಸುವುದು ಮಾಲೀಕನ ಇಚ್ಛೆಗೆ ಬಿಟ್ಟದ್ದು. ಕುಮ್ಕಿ (ಸಾಗುವಳಿ ಜಮೀನಿಗೆ ಹೊಂದಿಕೊಂಡ ಸರಕಾರಿ ಜಾಗ) ಮತ್ತು ಗೋಮಾಳದ ವಿಷಯ ಹಾಗಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 79ನೆಯ ಕಲಮು ನಮ್ಮ ಜಿಲ್ಲೆಗಳ ಕುಮ್ಕಿ, ಬಾಣೆ, ಕಾನೆ ಜಮೀನುಗಳ ಮೇಲಿನ ಹಳೆಯ ಸೌಲಭ್ಯಗಳನ್ನು ಮುಂದುವರಿಸಿದೆ; ವರ್ಗ (ಪಟ್ಟಾ) ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ದನ ಮೇಯಿಸಲು, ಸೊಪ್ಪು ತರಲು ರೈತನಿಗೆ ಅವಕಾಶವಿದೆ. ಗೋಮಾಳಕ್ಕೆ 100 ಜಾನುವಾರಿಗೆ 30 ಎಕರೆ ಎಂಬ ಲೆಕ್ಕ ನಿಯಮಗಳಲ್ಲಿದೆ. ಜಾಗ ಎಷ್ಟಿರಬೇಕು ಎಂಬುದನ್ನು ಕಾನೂನು ಹೇಳಿದೆ, ಆ ಜಾಗದಲ್ಲಿ ಯಾವ ತಿಂಗಳು ದನ ಬಿಡಬಾರದು ಎಂಬುದನ್ನು ಊರವರೇ ಕೂತು ನಿಶ್ಚಯಿಸಬೇಕು. ನಮ್ಮ ಭಾಗದ ಒಂದು ಕಡೆ ಸಾರ್ವಜನಿಕ ಹಣದಲ್ಲಿ ಗುಡ್ಡೆಗೆ ಅಗಳು (ಕಂದಕ) ತೋಡಿ, ಸ್ಟೈಲೋ ಬೀಜ ಚೆಲ್ಲಿ, ಫಲಕವನ್ನೂ ನೆಟ್ಟಿದ್ದರು. ತಡಮೆಯನ್ನು (ಒಳಹೋಗುವ ದಾರಿಯನ್ನು) ಯಾರು ಮುಚ್ಚಬೇಕು, ಎಂದು ತೆರೆಯಬೇಕು ಎಂಬುದು ಮಾತ್ರ ನಿರ್ಧಾರವಾಗಿರಲಿಲ್ಲ. ಒಬ್ಬರ ದನ ಒಳಗೆ ಹೋದದ್ದನ್ನು ಕಂಡ ಮೇಲೆ ಉಳಿದವರು ತಮ್ಮ ದನವನ್ನು ಹಟ್ಟಿಯಲ್ಲಿ ಕಟ್ಟಿಕೊಂಡು ಕೂರುವರೇ? ಈಗ ಅಲ್ಲಿ ಫಲಕವಿದೆ.

ಆದ್ದರಿಂದ ಪಶುಸಂಗೋಪನಾ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ ಮತ್ತು ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ನನ್ನ ಕೋರಿಕೆ ಇಷ್ಟು. ಮೇವಿನ ಬೀಜದ ಚೀಲದೊಂದಿಗೆ ಜಾತಿಯ ಹೆಸರು, ಉಳಿಸಬೇಕಾದ ಎತ್ತರ ಮತ್ತು ಬಿಡುವು ಕೊಡಬೇಕಾದ ತಿಂಗಳುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಚೀಟಿಯನ್ನು ಕೊಡಬೇಕು. ಬೀಜವನ್ನು ಬಿತ್ತುವ ಮುನ್ನ ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು ತೆಗೆಯದಿದ್ದರೆ ಗಟ್ಟಿ ಸಿಪ್ಪೆಯ ಬೀಜ ಸರಿಯಾಗಿ ಮೊಳೆಯುವುದಿಲ್ಲ ಎಂಬುದೂ ಅದರಲ್ಲಿರಲಿ. ಬೀಜ ವಿತರಣೆಯ ಯಶಸ್ಸನ್ನು ಹಂಚಿದ ಕಿಲೋಗಳಲ್ಲಿ ಅಳೆಯುವ ಬದಲು, ಮೂರನೆಯ ವರ್ಷದ ಆಗಸ್ಟ್ ತಿಂಗಳಲ್ಲಿ ಹೋಗಿ ಎಷ್ಟು ಗಿಡ ಉಳಿದಿದೆ ಎಂದು ನೋಡಿ ಅಳೆಯಲಿ. ಬ್ರಹ್ಮಾವರದ ಸಂಶೋಧನಾ ಕೇಂದ್ರದಲ್ಲೋ ಕೊಯಿಲದ ಜಾನುವಾರು ಕೇಂದ್ರದಲ್ಲೋ ಒಂದಿಷ್ಟು ಜಾಗವನ್ನು ಎರಡು ಭಾಗ ಮಾಡಿ, ಒಂದರಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಬಿಡುವು ಕೊಟ್ಟು ಇನ್ನೊಂದರಲ್ಲಿ ರೂಢಿಯಂತೆ ದನ ಬಿಟ್ಟು, ಮೂರು ವರ್ಷ ರೈತರನ್ನು ಕರೆಸಿ ತೋರಿಸಿದರೆ ನನ್ನ ಈ ಉದ್ದದ ಪತ್ರಕ್ಕಿಂತ ಅದೇ ಹೆಚ್ಚು ಕೆಲಸ ಮಾಡೀತು. ಪಂಚಾಯತುಗಳು ಮುಂದಿನ ಗ್ರಾಮಸಭೆಯಲ್ಲಿ ಗೋಮಾಳದ ಮೂರನೆಯ ಒಂದು ಭಾಗಕ್ಕೆ ಈ ವರ್ಷದ ಬಿಡುವನ್ನು ನಿರ್ಣಯಿಸುವುದಾದರೆ ಏಣೆಲು ಕೊಯ್ಲಿಗೆ ಮೊದಲೇ, ದನಗಳ ಹಗ್ಗ ಬಿಚ್ಚುವ ಮುನ್ನ, ಆ ನಿರ್ಣಯ ಆಗಬೇಕು.

ಇತಿ,
ಒಬ್ಬ ಹೈನುಗಾರ
ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ